ಮನೆಯಲ್ಲೇ ಕುಳಿತು ಕಲಿಯುವ ಮಗುವಿಗೆ ಒತ್ತಾಸೆಯಾಗುವ ಬಗೆ

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮೊಬೈಲ್ ಪಾಠವೆಂಬುದು ಹೆತ್ತವರ ಮೇಲೆ ದಿಢೀರನೆ ಬಂದೆರಗಿತು. ಆ ಕಾಲ ಕಳೆದರೂ ಪಾಠ ಮನೆಗೆ ಬರುವುದು ಪೂರ್ತಿ ನಿಂತಿಲ್ಲ. ಕರಾವಳಿಯಲ್ಲಿ, ಕೊಡಗಿನಲ್ಲಿ ಮಳೆ ಜೋರಾಗಿ ಜಿಲ್ಲಾಧಿಕಾರಿಗಳು ರಜೆ ಘೋಷಿಸಿದ ದಿನವಾಗಲಿ, ಮಗು ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಾಗಲಾಗಲಿ, ವಾಟ್ಸ್‌ಆ್ಯಪ್ ಗುಂಪಿಗೆ ಬಂದ ಪಾಠವನ್ನು ಮನೆಯವರೇ ನಿಭಾಯಿಸಬೇಕಾಗುತ್ತದೆ. ಇಂಥ ಹೊತ್ತಿನಲ್ಲಿ ನಾವು ಮೇಷ್ಟರಾಗಲು ಹೊರಡುವ ಅಗತ್ಯವಿಲ್ಲ. ಪರದೆಯ ಮೇಲೆ ನಡೆದದ್ದರಲ್ಲಿ ಎಷ್ಟು ಮಗುವಿಗೆ ತಲುಪಿತು ಎಂಬುದನ್ನು ಪತ್ತೆ ಮಾಡಿದರೆ ನಮ್ಮ ಪಾಲಿನ ಕೆಲಸ ಬಹುಪಾಲು ಮುಗಿದಂತೆ.

ಮೊದಲು ಹೊತ್ತಿನ ಲೆಕ್ಕ. ಕೇಂದ್ರದ ಶಿಕ್ಷಣ ಇಲಾಖೆ 2020ರ ಜುಲೈನಲ್ಲಿ ಹೊರಡಿಸಿದ ‘ಪ್ರಜ್ಞಾತಾ’ ಮಾರ್ಗಸೂಚಿಯ ಪ್ರಕಾರ, ಒಂದರಿಂದ ಎಂಟನೇ ತರಗತಿಯವರೆಗಿನ ಮಕ್ಕಳಿಗೆ ದಿನಕ್ಕೆ 30ರಿಂದ 45 ನಿಮಿಷಗಳ ಎರಡು ಅವಧಿ ಸಾಕು. ಒಂಬತ್ತರಿಂದ ಹನ್ನೆರಡನೆಯವರಿಗೆ ನಾಲ್ಕು. ಶಾಲಾಪೂರ್ವ ಮಕ್ಕಳ ವಿಷಯದಲ್ಲಿ ಅದು ಹೆತ್ತವರೊಡನೆ ಮಾತನಾಡಲೆಂದು ಅರ್ಧ ಗಂಟೆಯನ್ನಷ್ಟೇ ಇಟ್ಟಿದೆ. ಆ ಅಳತೆಯನ್ನು ಈಗಲೂ ಪಾಲಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ, ಏಕೆಂದರೆ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನದವರೆಗೆ ಪರದೆಯ ಮುಂದೆ ಕೂರಿಸಿದ ಮಗು ಎರಡನೆಯ ಗಂಟೆಯಿಂದಾಚೆಗೆ ಕೇಳಿಸಿಕೊಳ್ಳುತ್ತಿದೆಯೆಂದು ನಾವು ನಂಬುವುದು ನಮ್ಮ ಸಮಾಧಾನಕ್ಕಷ್ಟೇ. ಕಣ್ಣಿಗಾಗಿ, 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡುವ ಅಭ್ಯಾಸ ಮಾಡಿಸಿ. ಹಿತ್ತಲ ತೆಂಗಿನ ಮರವೋ ಎದುರು ಮನೆಯ ತಾರಸಿಯೋ ಅದಕ್ಕೆ ಸಾಕು.

ಕೂರುವ ಜಾಗ ದಿನವೂ ಒಂದೇ ಆಗಿರಲಿ. ಕಿಟಕಿಯ ಬೆಳಕು ಪಕ್ಕದಿಂದ ಬೀಳಬೇಕು; ಬೆನ್ನ ಹಿಂದಿನಿಂದ ಬಿದ್ದರೆ ಪರದೆ ಹೊಳೆದು ಅಕ್ಷರ ಕಾಣುವುದಿಲ್ಲ, ಶಿಕ್ಷಕರಿಗೆ ಮಗುವಿನ ಮುಖವೂ ಕಾಣುವುದಿಲ್ಲ. ಮೊಬೈಲನ್ನು ಕೈಯಲ್ಲಿ ಹಿಡಿಸದೆ ಡಬ್ಬಕ್ಕೋ ಪುಸ್ತಕದ ಅಟ್ಟಿಗೋ ಒರಗಿಸಿಡಿ. ಎರಡೂ ಕೈ ಬಿಡುವಾಗಿದ್ದರೆ ಮಾತ್ರ ಮಗು ಬರೆದುಕೊಳ್ಳುತ್ತದೆ.

ನೆಟ್‌ವರ್ಕ್ ಇಲ್ಲದ ಊರಿನವರ ಪಾಡು ಬೇರೆ. 2021ರ ಜೂನ್‌ನಲ್ಲಿ ಸುಳ್ಯ ತಾಲ್ಲೂಕಿನ ಗುತ್ತಿಗಾರಿನ ಕಡೆ, ಸುರಿಯುವ ಮಳೆಯಲ್ಲಿ ರಸ್ತೆ ಬದಿ ಕುಳಿತು ಪಾಠ ಕೇಳುತ್ತಿದ್ದ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು ಅನೇಕರು ನೋಡಿರಬಹುದು. ಅಂಥಲ್ಲಿ ನೇರ ತರಗತಿಯ ಹಠ ಬಿಟ್ಟು, ಸಿಗ್ನಲ್ ಸಿಕ್ಕಾಗ ಪಾಠವನ್ನು ಇಳಿಸಿಟ್ಟುಕೊಳ್ಳುವುದೇ ಜಾಣತನ. ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ಕ್ಯೂಆರ್ ಕೋಡನ್ನು ದೀಕ್ಷಾ ಆ್ಯಪ್‌ನಿಂದ ಸ್ಕ್ಯಾನ್ ಮಾಡಿದರೆ ಅದಕ್ಕೆ ಜೋಡಿಸಿದ ಪಾಠ ತೆರೆದುಕೊಳ್ಳುತ್ತದೆ. ಅದನ್ನು ಇಳಿಸಿಕೊಂಡರೆ ಮನೆಯಲ್ಲಿ ಇಂಟರ್ನೆಟ್ ಇಲ್ಲದೆಯೂ ನೋಡಬಹುದು. ಶಿಕ್ಷಕರ ವಿವರಣೆಯನ್ನು ಧ್ವನಿ ಸಂದೇಶವಾಗಿ ಕಳುಹಿಸಿಕೊಡಲು ಕೇಳಿಕೊಂಡರೆ ವೀಡಿಯೊಗಿಂತ ಬಹಳ ಕಡಿಮೆ ಡೇಟಾ ಸಾಕಾಗುತ್ತದೆ. ಓಣಿಯಲ್ಲಿ ಒಂದೇ ತರಗತಿಯ ಮೂರ್ನಾಲ್ಕು ಮಕ್ಕಳಿದ್ದರೆ ಒಂದು ಜಗಲಿಯಲ್ಲಿ ಒಟ್ಟಿಗೆ ಕೂರಿಸಬಹುದು. 2020ರ ಆಗಸ್ಟ್‌ನಲ್ಲಿ ಆರಂಭವಾದ ನಮ್ಮ ರಾಜ್ಯದ ವಿದ್ಯಾಗಮ ಯೋಜನೆಯಲ್ಲಿ ಶಿಕ್ಷಕರು ಮಕ್ಕಳಿದ್ದಲ್ಲಿಗೇ ಹೋಗಿ ಗುಡಿಯ ಅಂಗಳದಲ್ಲಿ, ಮರದ ನೆರಳಲ್ಲಿ ಕಲಿಸಿದ್ದರು. ಸೋಂಕಿನ ಕಾರಣಕ್ಕೆ ಅಕ್ಟೋಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತಾದರೂ ಮಕ್ಕಳು ಜೊತೆಯಲ್ಲಿ ಚೆನ್ನಾಗಿ ಕಲಿಯುತ್ತಾರೆಂಬ ಅದರ ಹಿಂದಿನ ವಿಚಾರ ಸರಿಯಾಗಿಯೇ ಇತ್ತು.

ತರಗತಿ ನಡೆಯುವಾಗ ಪಕ್ಕದಲ್ಲಿ ಕುಳಿತು ಉತ್ತರ ಪಿಸುಗುಟ್ಟುವ ಚಟವನ್ನು ದಯವಿಟ್ಟು ಬಿಡಿ. ನಾನೂ ಇದನ್ನು ಮಾಡಿದವಳೇ. ನಾಲ್ಕನೇ ತರಗತಿಯ ಮಗ ಎಲ್ಲರೆದುರು ತಡವರಿಸಬಾರದೆಂಬ ನನ್ನ ಮರ್ಯಾದೆಯ ಪ್ರಶ್ನೆಯಿಂದಾಗಿ, ಅವನಿಗೆ ಕಳೆಯುವ ಲೆಕ್ಕ ಬರುವುದಿಲ್ಲವೆಂಬ ಸಂಗತಿ ಮೂರು ವಾರ ಶಿಕ್ಷಕಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ತಿಳಿದದ್ದು ಕಾಗದದ ಮೇಲೆ. ಪಾಠ ಮುಗಿದ ಮೇಲೆ 302ರಲ್ಲಿ 147 ಕಳೆಯಲು ಹೇಳಿದೆ. ಅವನು ಹಿಂದೆಮುಂದೆ ನೋಡದೆ 245 ಎಂದು ಬರೆದ. ‘ತಪ್ಪು’ ಎಂದು ಗೀಟು ಹಾಕುವ ಬದಲು, ಹೇಗೆ ಮಾಡಿದೆಯೆಂದು ಬಾಯಿಬಿಟ್ಟು ಹೇಳು ಎಂದಾಗ ವಿಷಯ ಹೊರಬಿತ್ತು: ಪ್ರತಿ ಸ್ಥಾನದಲ್ಲೂ ಅವನು ದೊಡ್ಡ ಅಂಕಿಯಿಂದ ಸಣ್ಣದನ್ನು ಕಳೆದಿದ್ದ, ಏಳರಲ್ಲಿ ಎರಡು ಹೋದರೆ ಐದು, ನಾಲ್ಕರಲ್ಲಿ ಸೊನ್ನೆ ಹೋದರೆ ನಾಲ್ಕು, ಮೂರರಲ್ಲಿ ಒಂದು ಹೋದರೆ ಎರಡು. ಅವನ ಪಾಲಿಗೆ ಅದರಲ್ಲಿ ಎಡವಟ್ಟೇನೂ ಇರಲಿಲ್ಲ. ಆಗ ನೂರರ ಮೂರು ನೋಟು, ಒಂದು ರೂಪಾಯಿಯ ಎರಡು ನಾಣ್ಯ ಕೊಟ್ಟು, ಅಂಗಡಿಯವನಾದ ನನಗೆ 147 ರೂಪಾಯಿ ಸರಿಯಾಗಿ ಕೊಡು ಎಂದೆ. ಏಳು ರೂಪಾಯಿ ಕೊಡಲು ಅವನ ಬಳಿ ಇದ್ದದ್ದು ಎರಡೇ. ‘ಅಮ್ಮಾ, ಚಿಲ್ಲರೆ ಬೇಕು’ ಎಂದ. ನೂರರ ಒಂದು ನೋಟು ಹತ್ತರ ಹತ್ತು ನೋಟಾಯಿತು, ಹತ್ತರ ಒಂದು ನೋಟು ಹತ್ತು ನಾಣ್ಯವಾಯಿತು. ಕೈಯಲ್ಲಿ ಈಗ ನೂರರ ಎರಡು, ಹತ್ತರ ಒಂಬತ್ತು, ಒಂದರ ಹನ್ನೆರಡು. ಅದರಲ್ಲಿ 147 ಕೊಟ್ಟು ಉಳಿದದ್ದನ್ನು ಎಣಿಸಿದಾಗ 155. ಮೇಲಿನ ಸೊನ್ನೆ ಒಂಬತ್ತಾಗುವುದೇಕೆ ಎಂಬುದನ್ನು ಆಮೇಲೆ ನಾನು ಹೇಳಬೇಕಾಗಲಿಲ್ಲ. ಇಷ್ಟಕ್ಕೆ ಹಿಡಿದದ್ದು ಕಾಲು ಗಂಟೆ.

ಆದ್ದರಿಂದ ಪ್ರತಿ ಪಾಠದ ನಂತರ ‘ಅರ್ಥವಾಯಿತಾ?’ ಎಂದು ಕೇಳಬೇಡಿ. ಹೂಂ ಎನ್ನುವುದು ಮಕ್ಕಳಿಗೆ ಅತಿ ಸುಲಭದ ಉತ್ತರ. ‘ಅಜ್ಜಿಗೆ ಇದನ್ನು ಹೇಗೆ ಹೇಳಿಕೊಡುತ್ತೀಯ?’ ಎಂದು ಕೇಳಿ, ಅಜ್ಜಿಯನ್ನೇ ಎದುರು ಕೂರಿಸಿ. ಇಂಗ್ಲಿಷ್ ಮಾಧ್ಯಮದ ಮಗುವಾದರೂ ಮನೆಮಾತಿನಲ್ಲೇ ಹೇಳಲಿ, ಏಕೆಂದರೆ ಬಾಯಿಪಾಠ ಮಾಡಿದ ಇಂಗ್ಲಿಷ್ ವಾಕ್ಯದ ಹಿಂದೆ ತಿಳಿವಳಿಕೆ ಇಲ್ಲದಿರುವುದು ಹಾಗೆ ಹೇಳುವಾಗ ಬೇಗ ಗೊತ್ತಾಗುತ್ತದೆ.

ಒಂದರಿಂದ ಮೂರನೇ ತರಗತಿಯವರಿಗೆ ಪರದೆಯ ಪಾಠದಿಂದ ಆಗುವ ಉಪಯೋಗ ತೀರ ಕಡಿಮೆ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಈ ಮಕ್ಕಳು ಕಾರ್ಡು ಹಿಡಿದು, ಹಾಡಿ, ಗುಂಪಿನಲ್ಲಿ ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮನೆಯಲ್ಲೂ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅಕ್ಷರದ ಚೀಟಿ ಮಾಡಿ ಪದ ಜೋಡಿಸಬಹುದು, ಅವರೆಕಾಯಿ ಸುಲಿಯುತ್ತ ಕಾಳು ಎಣಿಸಿ ಹತ್ತರ ಗುಂಪು ಮಾಡಬಹುದು.

ಒಂದೇ ಮೊಬೈಲಿಗೆ ಇಬ್ಬರು ಮಕ್ಕಳಿದ್ದರೆ ನೇರ ತರಗತಿ ದೊಡ್ಡವರಿಗೆ, ರೆಕಾರ್ಡಾದದ್ದು ಚಿಕ್ಕವರಿಗೆ ಎಂದು ನಿಗದಿ ಮಾಡಿ ಗೋಡೆಗೆ ಅಂಟಿಸಿ. ದಿನವೂ ಪಂಚಾಯಿತಿ ಮಾಡುವುದು ತಪ್ಪುತ್ತದೆ. ಹೋಮ್‌ವರ್ಕನ್ನು ಮಗುವೇ ಬರೆಯಲಿ, ಚಿತ್ತುಕಾಟಿದ್ದರೂ ಅದನ್ನೇ ಫೋಟೊ ತೆಗೆದು ಕಳುಹಿಸಿ. ತಾಯಿಯ ದುಂಡಗಿನ ಅಕ್ಷರದ ಪ್ರಬಂಧವನ್ನು ತಿದ್ದಿ ಶಿಕ್ಷಕರು ಮಾಡುವುದಾದರೂ ಏನು?

ವಾರಕ್ಕೊಮ್ಮೆ ಶಿಕ್ಷಕರಿಗೆ ನೀವೇ ಒಂದು ಸಂದೇಶ ಹಾಕಿ. ‘ಓದುತ್ತಿಲ್ಲ, ಬುದ್ಧಿ ಹೇಳಿ’ ಎಂದು ದೂರಿದರೆ ಪ್ರಯೋಜನವಿಲ್ಲ. ‘ನಡುವೆ ಸೊನ್ನೆ ಇರುವ ಕಳೆಯುವ ಲೆಕ್ಕದಲ್ಲಿ ತಪ್ಪುತ್ತಿದ್ದಾನೆ, ಎರಡಂಕಿಯದು ಸರಿಯಾಗಿ ಮಾಡುತ್ತಾನೆ’ ಎಂದು ನಿರ್ದಿಷ್ಟವಾಗಿ ಬರೆದು, ಅವನು ಮಾಡಿದ ಲೆಕ್ಕದ ಫೋಟೊವನ್ನೂ ಅದರ ಕೆಳಗೇ ಹಾಕಿ.