ತೇಗಕ್ಕಾಗಿ ಐದಡಿ ಅಗೆದು ನೋಡಿದ ಮಣ್ಣು

ಸೊರಬದ ಕಡೆಯ ನಮ್ಮ ಜಮೀನಿನಲ್ಲಿ 2008ರ ಮುಂಗಾರಿಗೆ ತೇಗದ ಸ್ಟಂಪ್‌ಗಳನ್ನು (ಬೇರು, ಕಾಂಡ ಕತ್ತರಿಸಿದ ಸಸಿಗಳನ್ನು) ನೆಟ್ಟಾಗ ಮಣ್ಣಿನ ಕುರಿತು ನಾನು ಯೋಚಿಸಿದ್ದು ತೀರಾ ಕಡಿಮೆ. ಮೇಲಿನ ತಾಕು ಕೆಂಪಗಿತ್ತು, ಅಷ್ಟು ಸಾಕೆನಿಸಿತು. ಕೆಳಗಿನ ತಾಕನ್ನು ಆರಿಸಿಕೊಂಡದ್ದಕ್ಕೆ ಕಾರಣ ಕೇರಳದ ನಿಲಂಬೂರು. ಅಲ್ಲಿ ಚಾಲಿಯಾರ್ ನದಿಯ ದಂಡೆಯಲ್ಲಿ 1840ರ ದಶಕದಲ್ಲಿ ನೆಟ್ಟ ತೇಗದ ತೋಪನ್ನು ನೋಡಿ ಬಂದಿದ್ದ ನಾನು, ನೀರಿನ ಆಸರೆ ಇದ್ದಲ್ಲಿ ತೇಗ ಚೆನ್ನಾಗಿ ಬರುತ್ತದೆ ಎಂದು ತೀರ್ಮಾನಿಸಿ ಗದ್ದೆಯ ಅಂಚಿಗೇ ಸಾಲು ಹಿಡಿದಿದ್ದೆ. ನದಿಯ ಮೆಕ್ಕಲು ಮಣ್ಣು ನೀರನ್ನು ಬಸಿದುಬಿಡುತ್ತದೆ, ಗದ್ದೆಯಂಚಿನ ಜೇಡಿ ಹಿಡಿದಿಟ್ಟುಕೊಳ್ಳುತ್ತದೆ ಎಂಬುದು ಎರಡು ಮಳೆಗಾಲಗಳಲ್ಲಿ ಗಿಡಗಳು ಹಳದಿಯಾಗಿ ಕೊಳೆತ ಮೇಲೆ ತಿಳಿಯಿತು.

ಮೇಲಿನ ತಾಕು ಮೊದಲ ಕೆಲವು ವರ್ಷ ಚೆನ್ನಾಗಿಯೇ ಇತ್ತು. ಆಮೇಲೆ ಮರಗಳು ಎತ್ತರ ಬೆಳೆಯುವುದನ್ನು ಬಿಟ್ಟು ಕವಲೊಡೆಯತೊಡಗಿದವು. ಮಳೆ ಬಂದರೂ ಕೆಲವು ತುದಿಗಳು ಚಿಗುರಲಿಲ್ಲ. ಒಂದರ ಬುಡ ಅಗೆಸಿದಾಗ ಎರಡಡಿಯಲ್ಲಿ ಹಾರೆ ಟಣ್ಣೆಂದಿತು. ಜಂಬಿಟ್ಟಿಗೆಯ ಹಾಸು. ಕೆಳಕ್ಕಿಳಿಯಬೇಕಿದ್ದ ಬೇರು ಅದಕ್ಕೆ ತಾಗಿ ಕೊಕ್ಕೆಯಂತೆ ಬಾಗಿ ಅಡ್ಡಕ್ಕೆ ಹರಿದಿತ್ತು.

ಹಾಗಾಗಿ 2012ರಲ್ಲಿ ತಮ್ಮನ ಪಾಲಿನ ಎರಡು ಎಕರೆಯಲ್ಲಿ ನೆಡುವ ಮೊದಲು, ಏರು, ಇಳಿಜಾರು, ತಗ್ಗು ಎಂದು ನೋಡಿಕೊಂಡು ನಾಲ್ಕು ಕಡೆ ಐದಡಿ ಆಳದ ಗುಂಡಿ ತೆಗೆಸಿದೆ. ಗುಂಡಿಗಿಳಿದು ಗೋಡೆಯನ್ನು ಚಾಕುವಿನಿಂದ ಕೆರೆದು ನೋಡುವುದು ಎಲ್ಲಕ್ಕಿಂತ ಉಪಯುಕ್ತವಾದ ಕೆಲಸ. ಹಳೆಯ ಗಿಡಗಂಟಿಗಳ ಬೇರು ಎಷ್ಟು ಆಳಕ್ಕೆ ಹೋಗಿದೆ, ಬಣ್ಣ ಎಲ್ಲಿ ಬದಲಾಗಿದೆ ಎಂಬುದೆಲ್ಲ ಅಲ್ಲಿ ಕಾಣುತ್ತದೆ. ತಗ್ಗಿನ ಗುಂಡಿಯಲ್ಲಿ ಎರಡೂವರೆ ಅಡಿಯಿಂದ ಕೆಳಗೆ ಬೂದು ಮಣ್ಣಿನ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳಿದ್ದವು. ಮಣ್ಣು ಒಣಗಿದ್ದ ಏಪ್ರಿಲ್‌ನಲ್ಲೂ ಅವು ಮಳೆಗಾಲದಲ್ಲಿ ಅಲ್ಲಿ ನೀರು ನಿಲ್ಲುವುದನ್ನು ಹೇಳುತ್ತಿದ್ದವು. ಗುಂಡಿಗೆ ನೀರು ಸುರಿದು ಮರುದಿನ ನೋಡಿದಾಗ ಉಳಿದ ಮೂರು ಬತ್ತಿದ್ದವು, ಇದರಲ್ಲಿ ಮಾತ್ರ ಗೇಣು ನೀರಿತ್ತು. ಆ ಮೂಲೆಯನ್ನು ತೇಗಕ್ಕೆ ಬಿಟ್ಟುಕೊಟ್ಟಿಲ್ಲ. ಅಲ್ಲಿ ಹೊಳೆಮತ್ತಿ ಹಾಕಿದೆ.

ಮಣ್ಣು ಪರೀಕ್ಷೆಗೆ ಮೇಲ್ಮಣ್ಣನ್ನೂ ಮೂರಡಿ ಕೆಳಗಿನ ಮಣ್ಣನ್ನೂ ಬೇರೆಬೇರೆಯಾಗಿ ಕೊಟ್ಟೆ. ತೇಗಕ್ಕೆ ರಸಸಾರ (ಪಿಎಚ್) 6.5ರಿಂದ 7.5ರವರೆಗೆ ಇದ್ದರೆ ಅನುಕೂಲ, ಸುಣ್ಣದ ಅಂಶವೂ ಬೇಕು, ನಮ್ಮದು 5.7 ಬಂದಿತ್ತು, ಮಲೆನಾಡಿನ ಮಳೆಗೆ ಸುಣ್ಣ ತೊಳೆದುಹೋಗುವುದರಿಂದ ಇದರಲ್ಲಿ ಆಶ್ಚರ್ಯವೇನಿಲ್ಲ. ಕೃಷಿ ಸುಣ್ಣ ಹಾಕಿ ಅದನ್ನು ಸುಧಾರಿಸಬಹುದು. ಆದರೆ ಹಾಸುಗಲ್ಲಿಗೆ ಮದ್ದಿಲ್ಲದ ಕಾರಣ, ವರದಿಯ ಅಂಕಿಗಳಿಗಿಂತ ಆಳಕ್ಕೆ ನಾನು ಹೆಚ್ಚು ಬೆಲೆ ಕೊಡುತ್ತೇನೆ.

ಕಳೆದ ವರ್ಷ ಎದೆಮಟ್ಟದಲ್ಲಿ ಟೇಪು ಹಿಡಿದಾಗ ತಮ್ಮನ ತಾಕಿನ ಮರಗಳ ಸುತ್ತಳತೆ 27ರಿಂದ 30 ಇಂಚು ಇತ್ತು. ನಾಲ್ಕು ವರ್ಷ ಹಿರಿಯವಾದ ನನ್ನ ಮೇಲಿನ ತಾಕಿನವು 16 ದಾಟಿರಲಿಲ್ಲ. ಅವುಗಳಲ್ಲಿ ಎರಡು ಜುಲೈ ಗಾಳಿಗೆ ಬುಡಸಮೇತ ಉರುಳಿದವು. ಕೊಯ್ಸಿ ನೋಡಿದರೆ ಚೇಗು, ಅಂದರೆ ನಡುವಿನ ಗಟ್ಟಿ ಮರ, ಹೆಬ್ಬೆರಳಿಗಿಂತ ತುಸು ದಪ್ಪ, ಸುತ್ತ ಬರೀ ಬಿಳಿಮರ. ಕೊನೆಗೆ ಅವು ಕೊಟ್ಟಿಗೆಯ ಮಾಡಿಗೆ ಗಳುಗಳಾದವು.