ಫೈಲ್ ಡಿಲೀಟ್ ಆಯ್ತಾ? ಮೊದಲು ಮೌಸ್ ಬಿಡಿ

ಪ್ರಬಂಧ ಸಲ್ಲಿಸುವ ಗಡುವು ಹತ್ತಿರವಾದಾಗ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಆಸುಪಾಸಿನ ಡಿಟಿಪಿ ಅಂಗಡಿಗಳಲ್ಲಿ ‘ಅಣ್ಣಾ, ಪೆನ್‌ಡ್ರೈವ್‌ನಲ್ಲಿದ್ದ ಫೈಲೇ ಕಾಣ್ತಿಲ್ಲ’ ಎಂಬ ಅಳಲು ಹೊಸದಲ್ಲ. ಆಗ ಗಾಬರಿಯಲ್ಲಿ ಯಾವುದೋ ರಿಕವರಿ ಸಾಫ್ಟ್‌ವೇರ್ ಇಳಿಸಿಕೊಂಡು, ಫೈಲ್ ಕಳೆದುಹೋದ ಡ್ರೈವ್‌ಗೇ ತುಂಬುವವರಿದ್ದಾರೆ. ಸಿಗಬಹುದಾಗಿದ್ದ ಫೈಲ್ ಕೈತಪ್ಪುವುದು ಎಷ್ಟೋ ಸಲ ಅಲ್ಲೇ.

ಪಹಣಿಯಲ್ಲಿ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಗದ್ದೆಯಲ್ಲಿನ ಪೈರು ಮಾಯವಾಗುವುದಿಲ್ಲ, ಇನ್ನೊಬ್ಬರು ಬಂದು ಉಳಬೇಕು. ಡಿಲೀಟ್ ಕೂಡ ಹಾಗೆಯೇ: ‘ಈ ಜಾಗ ಖಾಲಿ’ ಎಂದು ಗುರುತು ಬೀಳುತ್ತದೆ ಅಷ್ಟೇ, ಅಕ್ಷರಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ. ಅದರ ಮೇಲೆ ಬೇರೇನಾದರೂ ಬರೆದರೆ ಕಥೆ ಮುಗಿಯಿತು. ಆದ್ದರಿಂದ ಆ ಡ್ರೈವ್‌ಗೆ ಏನನ್ನೂ ಕಾಪಿ ಮಾಡಬೇಡಿ.

ಈಗಷ್ಟೇ ಡಿಲೀಟ್ ಆಗಿದ್ದರೆ ಅದೇ ಫೋಲ್ಡರ್‌ನಲ್ಲಿ ಕಂಟ್ರೋಲ್ ಹಿಡಿದು ಝಡ್ ಒತ್ತಿ. ಬರಲಿಲ್ಲವೇ, ರೀಸೈಕಲ್ ಬಿನ್ ತೆರೆದು ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ರಿಸ್ಟೋರ್ ಕೊಡಿ. ಶಿಫ್ಟ್ ಒತ್ತಿ ಡಿಲೀಟ್ ಮಾಡಿದ್ದರೆ ಅಲ್ಲಿ ಇರುವುದಿಲ್ಲ. ಗೂಗಲ್ ಡ್ರೈವ್‌ನಲ್ಲಿ ಇಟ್ಟಿದ್ದರೆ ಅದರ ಟ್ರ್ಯಾಶ್‌ನಲ್ಲಿ 30 ದಿನ ಉಳಿದಿರುತ್ತದೆ.

ವರ್ಡ್‌ನಲ್ಲಿ ಸೇವ್ ಮಾಡದೆಯೇ ಮುಚ್ಚಿದ್ದರೆ ಅದು ಬೇರೆ ಕಾಯಿಲೆ. ಫೈಲ್ ಮೆನುವಿನ ಇನ್ಫೋ, ಅಲ್ಲಿ ಮ್ಯಾನೇಜ್ ಡಾಕ್ಯುಮೆಂಟ್, ಅದರೊಳಗೆ ರಿಕವರ್ ಅನ್‌ಸೇವ್ಡ್ ಡಾಕ್ಯುಮೆಂಟ್ಸ್. ಆಟೋರಿಕವರ್ ಸಾಮಾನ್ಯವಾಗಿ 10 ನಿಮಿಷಕ್ಕೊಮ್ಮೆ ಉಳಿಸುವುದರಿಂದ ಕೊನೆಯ ಒಂದೆರಡು ಪ್ಯಾರಾ ಹೋಗಿರಬಹುದು.

ನಮ್ಮೂರಿನ ನಿಜವಾದ ತಲೆನೋವು ಪೆನ್‌ಡ್ರೈವ್. ಅದರಿಂದ ಅಳಿಸಿದ ಫೈಲ್ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುವುದೇ ಇಲ್ಲ. ಆದರೆ ಡಿಲೀಟ್ ಆಗಿದೆಯೇ ಎಂದು ಮೊದಲು ನೋಡಿ. ಡ್ರೈವ್ ಖಾಲಿ ಕಂಡರೂ ಪ್ರಾಪರ್ಟೀಸ್‌ನಲ್ಲಿ ಜಾಗ ಬಳಕೆಯಾಗಿದೆ ಎಂದು ತೋರಿಸುತ್ತಿದೆಯೇ? ಫೋಲ್ಡರ್‌ಗಳ ಬದಲು ಶಾರ್ಟ್‌ಕಟ್‌ಗಳು ಕುಳಿತಿವೆಯೇ? ಹಾಗಿದ್ದರೆ ಇದು ಹತ್ತಾರು ಕೈ ದಾಟುವ ಕಂಪ್ಯೂಟರ್‌ಗಳಿಂದ ಅಂಟುವ ವೈರಸ್‌ನ ಕೆಲಸ. ಫೈಲ್ ಎಲ್ಲಿಗೂ ಹೋಗಿಲ್ಲ, ಅಡಗಿದೆ. ಆ ಶಾರ್ಟ್‌ಕಟ್‌ಗಳನ್ನು ಕ್ಲಿಕ್ ಮಾಡದೆ ವ್ಯೂ ಮೆನುವಿನಲ್ಲಿ ಹಿಡನ್ ಐಟಮ್ಸ್ ಆರಿಸಿ. ಆಗಲೂ ಕಾಣದಿದ್ದರೆ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಎದುರಿನ ಗುರುತು ತೆಗೆಯಿರಿ.

ನಿಜಕ್ಕೂ ಅಳಿಸಿಹೋಗಿದ್ದರೆ ರೆಕ್ಯುವಾ ಅಥವಾ ಫೋಟೋರೆಕ್ ಎಂಬ ರಿಕವರಿ ಸಾಫ್ಟ್‌ವೇರ್ ಬಳಸಬಹುದು. ಎರಡನೆಯದರ ಹೆಸರು ಫೋಟೋ ಎಂದಿದ್ದರೂ ವರ್ಡ್, ಪಿಡಿಎಫ್‌ಗಳನ್ನೂ ಹುಡುಕುತ್ತದೆ, ಪೂರ್ತಿ ಉಚಿತ. ಸಾಫ್ಟ್‌ವೇರ್ ಕಂಪ್ಯೂಟರ್‌ನಲ್ಲಿರಲಿ, ಪೆನ್‌ಡ್ರೈವನ್ನು ಸ್ಕ್ಯಾನ್ ಮಾಡಿ, ಸಿಕ್ಕ ಫೈಲ್‌ಗಳನ್ನು ಮತ್ತೆ ಪೆನ್‌ಡ್ರೈವ್‌ಗೆ ಹಾಕದೆ ಕಂಪ್ಯೂಟರ್‌ಗೇ ಉಳಿಸಿ. ಫೋಟೋರೆಕ್‌ಗೆ ಹಳೆಯ ಹೆಸರುಗಳು ಸಿಗುವುದಿಲ್ಲ. ನೂರಾರು ಫೈಲ್ ತೆರೆದು ನೋಡುವ ತಾಳ್ಮೆ ಬೇಕು.

ಹಾಗೆ ತೆರೆದಾಗ ಪುಟದ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳು ಕಂಡರೆ ‘ಕರಪ್ಟ್ ಆಗಿದೆ’ ಎಂದು ಎಸೆಯಬೇಡಿ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿ ಟೈಪಿಸಿದ ಕನ್ನಡ, ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಹೀಗೆಯೇ ಕಾಣುವುದು. ನುಡಿ ಹಾಕಿ, ಅಕ್ಷರಗಳನ್ನೆಲ್ಲ ಸೆಲೆಕ್ಟ್ ಮಾಡಿ ಫಾಂಟ್ ಬದಲಿಸಿ ನೋಡಿ. ಅಧ್ಯಾಯ ಎದ್ದುಬಂದರೂ ಬಂದೀತು.

ಕಂಪ್ಯೂಟರ್‌ನ ಒಳಗಿನ ಡಿಸ್ಕ್‌ನಿಂದಲೇ ಹೋಗಿದ್ದರೆ ಅದು ಯಾವ ಬಗೆಯದು ಎಂಬುದು ಮುಖ್ಯ. ಹಳೆಯ ಹಾರ್ಡ್‌ಡಿಸ್ಕ್ ಆದರೆ ಆಸೆ ಇಟ್ಟುಕೊಳ್ಳಬಹುದು. ಈಗಿನ ಲ್ಯಾಪ್‌ಟಾಪ್‌ಗಳ ಎಸ್‌ಎಸ್‌ಡಿ, ಅಂದರೆ ಚಿಪ್‌ಗಳಲ್ಲಿ ಡೇಟಾ ಇಡುವ ಡಿಸ್ಕ್‌ನಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಡಿಲೀಟ್ ಆದ ಜಾಗವನ್ನು ತಾನಾಗಿಯೇ ಗುಡಿಸಿಬಿಡುತ್ತದೆ. ಅಲ್ಲಿ ಸಾಫ್ಟ್‌ವೇರ್‌ಗೆ ದುಡ್ಡು ಸುರಿಯುವ ಬದಲು, ಗೈಡ್‌ಗೆ ಕಳಿಸಿದ ಇಮೇಲ್, ವಾಟ್ಸ್‌ಆ್ಯಪ್‌ನಲ್ಲಿ ಗೆಳೆಯರಿಗೆ ಹಾಕಿದ ಪ್ರತಿ ಹುಡುಕುವುದೇ ಜಾಣತನ.

ಹಾರ್ಡ್‌ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಮಾತ್ರ ಇದ್ಯಾವುದನ್ನೂ ಮಾಡದೆ ಕಂಪ್ಯೂಟರ್ ಆಫ್ ಮಾಡಿ, ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಪೂರ್ತಿ ಹಣ ಕೊಡುವ ಮುನ್ನ ಯಾವ ಯಾವ ಫೈಲ್ ಸಿಕ್ಕಿದೆ ಎಂಬ ಪಟ್ಟಿ ಕೇಳಿ, ನಿಮಗೆ ಬೇಕಾದದ್ದನ್ನು ಅಲ್ಲೇ ತೆರೆದು ತೋರಿಸಲು ಹೇಳಿ.