ಗಾಳಿಗೆ ಬಾಗಿಲು ಬಡಿದು ಹೊರಗೇ ಉಳಿದರೆ

ರಾಯಚೂರಿನ ಡಿಸೆಂಬರ್ ನಸುಕಿನಲ್ಲಿ ರಂಗೋಲಿ ಹಾಕಲು ಹೊರಬಂದಾಗ ಬಾಗಿಲು ಬಡಿದು ನೈಟ್ ಲ್ಯಾಚ್ (ಬಾಗಿಲು ಮುಚ್ಚಿದೊಡನೆ ತಾನೇ ಬೀಳುವ ಬೀಗ) ಬಿತ್ತೇ? ಮೊದಲು ಒಲೆ ನೆನಪಿಸಿಕೊಳ್ಳಿ. ಹಾಲು ಕಾಯಲು ಇಟ್ಟಿದ್ದರೆ ತಡಮಾಡದೆ 112ಕ್ಕೆ ಫೋನ್ ಮಾಡಿ. ಇಲ್ಲವೆಂದರೆ ಪಕ್ಕದ ಮನೆಯ ಕೌದಿ ಹೊದ್ದು, ಹಿತ್ತಲ ಬಾಗಿಲು ನೋಡಿ ಬನ್ನಿ.

ಬಾಗಿಲು ಒಳಕ್ಕೆ ತೆರೆಯುವಂಥದ್ದಾದರೆ 2 ಲೀಟರ್ ತಂಪುಪಾನೀಯದ ಬಾಟಲಿಯಿಂದ ಗೇಣುದ್ದ, ನಾಲ್ಕು ಬೆರಳಗಲದ ಹಾಳೆ ಕತ್ತರಿಸಿ. ಲ್ಯಾಚ್‌ಗಿಂತ ಸ್ವಲ್ಪ ಮೇಲೆ ಚೌಕಟ್ಟಿನ ಸಂದಿಗೆ ತೂರಿಸಿ, ಬಾಗಿಲು ಅಲುಗಿಸುತ್ತ ಕೆಳಗೆಳೆಯಿರಿ. ಚೌಕಟ್ಟಿನ ಪಟ್ಟಿ ಸುತ್ತಿ ಬಾಗಿದ ಹಾಳೆ ಲ್ಯಾಚ್‌ನ ನಾಲಿಗೆಯ (ಚೌಕಟ್ಟಿನೊಳಗೆ ಕೂರುವ ಲೋಹದ ತುಂಡಿನ) ಇಳಿಜಾರಿಗೆ ತಾಗಿದರೆ ನಾಲಿಗೆ ಹಿಂದೆ ಸರಿಯುತ್ತದೆ. ಎಟಿಎಂ ಕಾರ್ಡ್ ಬೇಡ, ಅಷ್ಟು ಬಾಗದೆ ಮುರಿಯುತ್ತದೆ.

ನಾಲಿಗೆ ಚೌಕಾಕಾರದ್ದಾದರೆ ಈ ಉಪಾಯ ನಡೆಯದು. ಕೀಲಿ ರಿಪೇರಿಯವರನ್ನೇ ಕರೆಸಿ. ಬಾಗಿಲು ಒಡೆಸುವ ಬದಲು ಬೀಗದ ಸಿಲಿಂಡರ್ (ಕೀಲಿ ತೂರಿಸುವ ಭಾಗ) ಕೊರೆಸಿ ಹೊಸದು ಹಾಕಿಸಿ.